ಹದಿನೆಂಟು ಸಾವಿರದ ಸುಲ್ತಾನ

ರಿಫ್ಕಿ: ಬೇಡ ಅಣ್ಣ, ನನ್ನ ಮಾತು ಕೇಳಿ. ಹದಿನೆಂಟು ಸಾವಿರ ಲಿರಾ ಸುರಿದು ಹೊಸ ಪೈಪು ತಗೊಳ್ಳೋದು ಶುದ್ಧ ದಡ್ಡತನ.

ಶೆವ್ಕೆತ್: ಈ ಅಂಗಡಿ ಯಜಮಾನ್ರು ನೀವೇ ತಾನೆ?

ನಜ್ಮಿಯೆ: ಇವ್ರೇ ಅಣ್ಣ. ನನ್ನ ಹಣೇಬರಹ, ಏನ್ ಮಾಡೋದು!

ಓಡುನ್‌ಪಜಾರಿ ಪೇಟೆಯ ನಮ್ಮ ಅಂಗಡಿಸಾಲಿನ ಅಂಗಳದಲ್ಲಿ, ಹಿಪ್ಪುನೇರಳೆ ಮರದ ಎದುರಿಗೆ, ರಿಫ್ಕಿ ಉಸ್ತಾದನ ಪೈಪಿನ ಅಂಗಡಿ. ಎಸ್ಕಿಶೆಹಿರ್‌ನ ಬಾವಿಗಳಿಂದ ಅಗೆದು ತೆಗೆಯುವ ಮೆದು ಬಿಳಿಕಲ್ಲಿನಲ್ಲಿ ಹೊಗೆ ಸೇದುವ ಪೈಪು ಕೆತ್ತುವುದರಲ್ಲಿ ಅವನದು ನಲವತ್ತು ವರ್ಷದ ಕೈ. ಕೆತ್ತುವುದು ಅವನು, ಮಾರುವುದು ಹೆಂಡತಿ ನಜ್ಮಿಯೆ. ಪಕ್ಕದ ಹಲ್ವದ ಅಂಗಡಿ ನನ್ನದು. ನಡುವೆ ಇರುವುದು ಒಂದು ಹಲಗೆಯ ಗೋಡೆ, ಅದರಲ್ಲೂ ಬಿರುಕು. ಅಂದು ಮಧ್ಯಾಹ್ನ ಬಂದ ಗಿರಾಕಿಯ ಹೆಸರು ಶೆವ್ಕೆತ್. ರೈಲಿನ ಎಂಜಿನ್ ಓಡಿಸಿ ನಿವೃತ್ತನಾದವನು, ಅರವತ್ತೆಂಟು ವರ್ಷದ ಬ್ರಹ್ಮಚಾರಿ. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲಿನ ಮೇಲೆ ಕೂತಿದ್ದ ಒಂದು ಪೈಪನ್ನು ಬಂದ ಗಳಿಗೆಯಿಂದ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಪೇಟ ಸುತ್ತಿದ, ಉದ್ದ ಗಡ್ಡದ ಮುದುಕನ ತಲೆ. ತಲೆಯೊಳಗೆ ಹೊಗೆಸೊಪ್ಪು ತುಂಬುವ ಗುಂಡಿ.

ಶೆವ್ಕೆತ್: ನೋಡಿ ಉಸ್ತಾದ್, ನನ್ನ ಜನ್ಮ ಪೂರ್ತಿ ಹಳೇ ಮಾಲಲ್ಲೇ ಕಳೀತು. ಕೋಟು ನಮ್ಮಣ್ಣಂದು. ಸೈಕಲ್ಲು ಭಾವಂದು. ರೇಡಿಯೋ ಯಾರದ್ದೋ ತೀರಿಹೋದವರದ್ದು. ಹೊಸದು ಅಂತ ಇರೋದು ಈ ಹಲ್ಲಿನ ಸೆಟ್ಟೊಂದೇ, ಹೋದ ತಿಂಗಳು ಕಟ್ಟಿಸಿದ್ದು. ಹೊಸ ಹಲ್ಲಿಗೆ ಹಳೇ ಪೈಪು ಕಚ್ಚಿಸ್ಲಾ?

ನಜ್ಮಿಯೆ: ಎಂಥಾ ನ್ಯಾಯವಾದ ಮಾತು!

ರಿಫ್ಕಿ: ಮರದ ಪೈಪು ತಗೊಳ್ಳಿ ಅಣ್ಣ. ಎದುರು ಬೀದೀಲಿ ಆರುನೂರಕ್ಕೆ ಸಿಗತ್ತೆ. ಅದರಲ್ಲಿ ಬರೋದೂ ಹೊಗೇನೇ, ಇದರಲ್ಲಿ ಬರೋದೂ ಹೊಗೇನೇ.

ನಜ್ಮಿಯೆ: ರೀ!

ರಿಫ್ಕಿ: ಇದು ಕೈಜಾರಿದ್ರೆ ಮೊಟ್ಟೆ ಥರ ಒಡೆಯತ್ತೆ. ಬಿಸಿ ಇದ್ದಾಗ ಬೆರಳು ತಾಗಿದ್ರೆ ಕಲೆ ಕೂರತ್ತೆ. ಸೇದಿ ಸೇದಿ ಒಳ್ಳೇ ಜೇನಿನ ಬಣ್ಣಕ್ಕೆ ತಿರುಗೋಕೆ ಹತ್ತು ವರ್ಷ ಬೇಕು. ನಿಮಗೀಗ ವಯಸ್ಸೆಷ್ಟು?

ಶೆವ್ಕೆತ್: ಅರವತ್ತೆಂಟು.

ರಿಫ್ಕಿ: ಲೆಕ್ಕ ನೀವೇ ಹಾಕ್ಕೊಳ್ಳಿ.

ನಜ್ಮಿಯೆ: ಅಯ್ಯೋ ಅಲ್ಲಾ! ಗಿರಾಕಿ ಎದುರಿಗೇ ಅವರ ಆಯುಸ್ಸು ಅಳೀತಿದ್ದಾರಲ್ಲ! ಅಣ್ಣ, ನೀವು ನೂರು ವರ್ಷ ಬಾಳ್ತೀರಿ. ಇವರ ಮಾತು ಕಿವಿಗೆ ಹಾಕ್ಕೊಬೇಡಿ.

ಶೆವ್ಕೆತ್ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ನೋಡಿದ. ಆಮೇಲೆ ತಲೆದೂಗಿ ನಕ್ಕ. ಹೊಸ ಹಲ್ಲು ಒಮ್ಮೆ ಟಕ್ ಎಂದಿತು.

ಶೆವ್ಕೆತ್: ಗೊತ್ತಾಯ್ತು ಬಿಡಿ. ಹಾದೀಲಿ ಬರ್ತಾ ಜಮಖಾನೆಯವನು ತೋಳು ಹಿಡಿದು ಎಳೆದ. ತಾಮ್ರದ ಪಾತ್ರೆಯವನು ಕೋಟು ಹಿಡಿದು ಎಳೆದ. ನೀವು ದೂಡ್ತಿದ್ದೀರಿ. ಎಳೆದ್ರೆ ಗಿರಾಕಿ ಓಡಿಹೋಗ್ತಾನೆ, ದೂಡಿದ್ರೆ ಅಂಟಿಕೊಳ್ತಾನೆ ಅಂತ. ಗಂಡ ಬೇಡ ಅನ್ನೋದು, ಹೆಂಡತಿ ತಗೊಳ್ಳಿ ಅನ್ನೋದು! ಭಲೇ ಜೋಡಿ! ಬೆಲೆ ಏರಿಸೋ ಆಟ ತಾನೆ? ಸರಿ, ಹತ್ತೊಂಬತ್ತು ಸಾವಿರ ಕೊಡ್ತೀನಿ.

ರಿಫ್ಕಿ: ನಾನು ನಿಜವಾಗ್ಲೂ ಬೇಡ ಅಂತಿದ್ದೀನಿ ಅಣ್ಣ!

ಶೆವ್ಕೆತ್: ಇಪ್ಪತ್ತು!

ನಜ್ಮಿಯೆ: (ಗಂಡನ ಕಿವಿಯಲ್ಲಿ) ಇನ್ನೂ ಸ್ವಲ್ಪ ಬೇಡ ಅನ್ನಿ.

ರಿಫ್ಕಿ ಬಾಯಿ ಮುಚ್ಚಿಕೊಂಡ. ಅವನು ಬಾಯಿ ತೆರೆದರೆ ಬೆಲೆ ಏರುತ್ತಿತ್ತು. ನಜ್ಮಿಯೆ ಪೆಟ್ಟಿಗೆಯ ಬೀಗ ತೆಗೆದು ಪೈಪನ್ನು ಹೊರಗೆ ತಂದಳು. ಸೆರಗಿನಂತೆ ಹೆಗಲಿಗಿಳಿದಿದ್ದ ತಲೆವಸ್ತ್ರದ ಅಂಚಿನಿಂದ ಅದರ ಮೂಗು ಒರೆಸಿದಳು.

ನಜ್ಮಿಯೆ: ನೋಡಿ ಅಣ್ಣ, ಸುಲ್ತಾನರೇ ಸುಲ್ತಾನರು. ಈ ಗಂಟುಮೋರೆ ನೋಡಿ! ಪ್ರಪಂಚದಲ್ಲಿ ಯಾರನ್ನು ಕಂಡ್ರೂ ಆಗದ ಹಾಗೆ! ಈ ಮೂಗಂತೂ ಬೇರೆಯವರ ಮನೆ ಅಡುಗೇಲಿ ತಪ್ಪು ಹುಡುಕೋಕಂತಲೇ ಬೆಳೆದದ್ದು. ಖಜಾನೆ ತುಂಬ ಚಿನ್ನ ಇಟ್ಕೊಂಡು ಒಂದು ಕಾಸೂ ಬಿಚ್ಚದ ಜಿಪುಣ ಸುಲ್ತಾನ!

ರಿಫ್ಕಿ: ಸಾಕು ಕಣೇ, ಬಿಡು.

ನಜ್ಮಿಯೆ: ಯಾಕೆ ಬಿಡಬೇಕು? ಹನ್ನೊಂದು ವರ್ಷದಿಂದ ಈ ಮುದುಕನ ಮುಖದ ಧೂಳು ಒರೆಸಿ ಒರೆಸಿ ಕೈ ಸವೆದಿದೆ. ಹೋಗಲಿ ಅತ್ಲಾಗೆ.

ರಿಫ್ಕಿ: ನಜ್ಮಿಯೆ, ಆಮೇಲೆ ಪಶ್ಚಾತ್ತಾಪ ಪಡ್ತೀಯ.

ಶೆವ್ಕೆತ್ ಕನ್ನಡಕ ಹಾಕಿಕೊಂಡು, ಎಂಜಿನ್ ತಪಾಸಣೆ ಮಾಡುವವನಂತೆ ಪೈಪನ್ನು ಎಲ್ಲ ದಿಕ್ಕಿನಿಂದಲೂ ನೋಡತೊಡಗಿದ.

ಶೆವ್ಕೆತ್: ಅತ್ತಿಗೆ, ಇದೇನಿದು? ಎಡಗಿವಿ ಹಿಂದೆ ಒಂದು ಗುಬುಟು.

ನಜ್ಮಿಯೆ: ಕಲ್ಲಿನದ್ದೇ ಇರಬೇಕು.

ಶೆವ್ಕೆತ್: ಹಾಗಾದ್ರೆ ಕಲ್ಲಲ್ಲಿ ದೋಷ ಇದೆ ಅಂತಾಯ್ತು. ಸುಲ್ತಾನರಿಗೆ ನರಹುಲಿ ಎಲ್ಲಾದ್ರೂ ಇರತ್ತಾ? ವಾಪಸ್ಸು ಹದಿನೆಂಟು.

ರಿಫ್ಕಿ: ದೋಷ ಅಂದ್ರಾ? ನನ್ನ ಕೆಲಸದಲ್ಲಿ ದೋಷನಾ? ಆ ನರಹುಲಿ ಕೆತ್ತೋಕೆ ಮೂರು ದಿನ ಹಿಡೀತು ನನಗೆ! ಅದು ಇದ್ದದ್ದೇ ಅಲ್ಲಿ, ಎಡಗಿವಿ ಹಿಂದೆ, ಕಡಲೆಕಾಳು ಗಾತ್ರ!

ಮಾತು ಬಾಯಿಂದ ಜಾರಿದ ಮೇಲೆ ರಿಫ್ಕಿ ನಾಲಿಗೆ ಕಚ್ಚಿಕೊಂಡ. ನಜ್ಮಿಯೆ ಪೈಪನ್ನು ಕಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಗಡ್ಡ ಮುಚ್ಚಿದಳು. ಇನ್ನೊಂದು ಕೈಯಿಂದ ಪೇಟ ಮುಚ್ಚಿದಳು. ಉಳಿದದ್ದು ಎರಡು ಕಣ್ಣು, ಒಂದು ಮೂಗು. ನನ್ನ ಅಂಗಡಿಯಲ್ಲಿ ಇಬ್ಬರು ಹಲ್ವಕ್ಕೆ ಕಾದು ನಿಂತಿದ್ದರು. ನಾನು ಬಿರುಕಿಗೆ ಕಣ್ಣಿಟ್ಟು ನಿಂತಿದ್ದೆ.

ನಜ್ಮಿಯೆ: ಅಪ್ಪಾ!

ಶೆವ್ಕೆತ್: ಯಾರು?

ನಜ್ಮಿಯೆ: ನಮ್ಮಪ್ಪ! ದುರ್ಮುಷ್! ಕಲ್ಲಿನ ಬಾವಿ ಅಗೀತಿದ್ದ ನಮ್ಮಪ್ಪ! ರೀ, ನಮ್ಮಪ್ಪನ ತಲೆಗೆ ಪೇಟ ಸುತ್ತಿ ಅಂಗಡೀಲಿ ಮಾರಾಟಕ್ಕಿಟ್ಟಿದ್ದೀರಾ!

ರಿಫ್ಕಿ: ಮಾರಾಟಕ್ಕಿಟ್ಟೋಳು ನೀನು ಕಣೇ. ನಾನು ಆಗಿನಿಂದ ಬೇಡ ಬೇಡ ಅಂತಾನೇ ಇದ್ದೀನಿ.

ನಜ್ಮಿಯೆ: ಅಪ್ಪನಿಗೆ ಗಡ್ಡವೇ ಇರ್ಲಿಲ್ಲ!

ರಿಫ್ಕಿ: ನಿನಗೆ ಗುರುತು ಸಿಗಬಾರ್ದು ಅಂತ ಬೆಳೆಸಿದೆ.

ನಜ್ಮಿಯೆ: ಇಷ್ಟು ಹೊತ್ತು ನಮ್ಮಪ್ಪನ್ನ ಜಿಪುಣ, ಗಂಟುಮೋರೆ ಅಂತ ನನ್ನ ಬಾಯಲ್ಲೇ ಬೈಸಿದ್ರಲ್ಲ!

ರಿಫ್ಕಿ: ಅದರಲ್ಲಿ ತಪ್ಪೇನೂ ಇರ್ಲಿಲ್ಲ. ಕೆತ್ತನೆ ಸರಿಯಾಗಿ ಬಂದಿದೆ ಅಂತ ನನಗೇ ಸಮಾಧಾನ ಆಯ್ತು.

ಶೆವ್ಕೆತ್: ಒಂದು ನಿಮಿಷ. ಇಷ್ಟು ದುಡ್ಡು ಕೊಟ್ಟು ನಾನು ನಿಮ್ಮ ಮಾವನ ತಲೇಗೆ ಬೆಂಕಿ ಹಾಕಬೇಕಿತ್ತಾ?

ನಜ್ಮಿಯೆ: ಯಾಕಣ್ಣ, ನಮ್ಮಪ್ಪನ ತಲೆಗೆ ಏನಾಗಿದೆ?

ಶೆವ್ಕೆತ್: ಏನೂ ಆಗಿಲ್ಲ ಅತ್ತಿಗೆ. ಒಳಗೆ ಖಾಲಿ, ಅಷ್ಟೇ.

ರಿಫ್ಕಿ ಫಕ್ಕನೆ ನಕ್ಕ. ಹೆಂಡತಿಯ ಮುಖ ನೋಡಿ ನಗುವನ್ನು ಅರ್ಧಕ್ಕೇ ನುಂಗಿದ. ಮಣೆಯ ಮೇಲೆ ಕೂತು, ಕೆತ್ತುವ ಚಾಕುವನ್ನು ಬಟ್ಟೆಗೆ ಒರೆಸುತ್ತ ಮೆಲ್ಲಗೆ ಹೇಳಿದ.

ರಿಫ್ಕಿ: ಇಪ್ಪತ್ನಾಲ್ಕು ವರ್ಷ ಕಣೇ. ಮದುವೆಯಾದಾಗಿಂದ ಹೋಗೋ ತನಕ ನಿಮ್ಮಪ್ಪ ನನ್ನ ಮುಖ ನೋಡಿ ಒಂದು ಮಾತಾಡ್ಲಿಲ್ಲ. 'ಕಲ್ಲು ಅಗೆಯೋನು ಗಂಡಸು. ಕಲ್ಲು ಕೆರೆಯೋದು ಬೆಕ್ಕಿನ ಕೆಲಸ' ಅಂತಿದ್ರು. ಹಬ್ಬಕ್ಕೆ ಹೋದ್ರೆ ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡೋರು. ತೀರಿಹೋದ ಮೇಲೆ ಕೆತ್ತಿದೆ. ಈಗ ದಿನಾ ನನ್ನೆದುರಿಗೇ ಕೂತು ನನ್ನ ಕೆಲಸ ನೋಡ್ತಾರೆ. ಮಾತಂತೂ ಈಗಲೂ ಇಲ್ಲ. ಆದ್ರೆ ಎದ್ದು ಹೋಗಲ್ಲ.

ನಜ್ಮಿಯೆ ಮೂಗು ಸೀಟಿಕೊಂಡಳು.

ನಜ್ಮಿಯೆ: ನನಗೆ ಯಾಕೆ ಹೇಳ್ಲಿಲ್ಲ?

ರಿಫ್ಕಿ: ಹೇಳಿದ್ರೆ ನೀನು ಮನೆಗೆ ತಗೊಂಡು ಹೋಗಿ ಮಂಚದ ಪಕ್ಕ ಇಡ್ತಿದ್ದೆ. ಹಗಲು ಹೊತ್ತು ಸಾಕು ನನಗೆ.

ಶೆವ್ಕೆತ್: (ಗಂಟಲು ಸರಿಮಾಡಿಕೊಂಡು) ಹಾಗಾದ್ರೆ ನಮ್ಮ ವ್ಯಾಪಾರ?

ನಜ್ಮಿಯೆ: ವ್ಯಾಪಾರಾನೂ ಇಲ್ಲ, ಗೀಪಾರಾನೂ ಇಲ್ಲ! ಮಾರೋ ವಸ್ತು ಅಲ್ಲ ಇದು!

ಶೆವ್ಕೆತ್: ಈಗ ತಾನೇ ಎರಡು ಸಾವಿರ ಏರಿಸಿಕೊಂಡ್ರಲ್ಲ!

ನಜ್ಮಿಯೆ: ಆಗ ಸುಲ್ತಾನ. ಈಗ ಅಪ್ಪ.

ರಿಫ್ಕಿ: ಕೇಳಿದ್ರಲ್ಲ ಅಣ್ಣ? ಎದುರು ಬೀದಿ, ಆರುನೂರು ಲಿರಾ.

ಬೇರೆ ಯಾರಾದರೂ ಆಗಿದ್ದರೆ ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಶೆವ್ಕೆತ್ ನಲವತ್ತು ವರ್ಷ ಏರು ಹತ್ತಿಸಿ ಗಾಡಿ ಎಳೆದವನು. ಕುರ್ಚಿ ಎಳೆದುಕೊಂಡು ಕೂತ.

ಶೆವ್ಕೆತ್: ಒಂದು ಮಾತು ಕೇಳ್ತೀನಿ ಅತ್ತಿಗೆ. ನಿಮ್ಮ ತಂದೆ ಪೈಪು ಸೇದ್ತಿದ್ರಾ?

ನಜ್ಮಿಯೆ: ಕೇಳಬೇಕಾ! ಬಾಯಿಂದ ಪೈಪು ತೆಗೀತಿದ್ದದ್ದು ಎರಡೇ ಕೆಲಸಕ್ಕೆ. ಊಟಕ್ಕೆ, ಬೈಯೋಕೆ.

ರಿಫ್ಕಿ: ಊಟ ಬೇಗ ಮುಗಿಸೋರು.

ಶೆವ್ಕೆತ್: ಅಂಥ ಮನುಷ್ಯನ್ನ ಹನ್ನೊಂದು ವರ್ಷ ಒಂದು ಚಿಟಿಕೆ ಹೊಗೆಸೊಪ್ಪಿಲ್ಲದೆ ಗಾಜಿನ ಪೆಟ್ಟಿಗೇಲಿ ಕೂರಿಸಿದ್ದೀರಲ್ಲ, ನಿಮಗೆ ಕರುಣೆ ಇಲ್ವಾ? ಅದಕ್ಕೇ ನೋಡಿ ಮುಖ ಹಾಗೆ ಗಂಟಾಗಿರೋದು!

ನಜ್ಮಿಯೆ: ಅಯ್ಯೋ ನನ್ನಪ್ಪಾ! ಹೌದಲ್ರೀ!

ರಿಫ್ಕಿ: ಅದು ಕಲ್ಲು ಕಣೇ.

ನಜ್ಮಿಯೆ: ಬದುಕಿದ್ದಾಗಲೂ ಕಲ್ಲೇ ಆಗಿದ್ರು. ಆಗ ಹೊತ್ತುಹೊತ್ತಿಗೆ ತುಂಬಿ ಕೊಡ್ತಿರ್ಲಿಲ್ವಾ?

ರಿಫ್ಕಿ: ಸೇದಿದ್ರೆ ಬಣ್ಣ ಹೋಗತ್ತೆ! ಇಷ್ಟು ಬಿಳೀ ಕಲ್ಲು ಈಗ ಬಾವೀಲಿ ಸಿಗೋದೇ ಇಲ್ಲ!

ನಜ್ಮಿಯೆ: ಅಪ್ಪ ಯಾವಾಗ್ರೀ ಬೆಳ್ಳಗಿದ್ರು? ಬಿಸಿಲಲ್ಲಿ ಬೆಂದು ಬೆಂದು ಜೇನಿನ ಬಣ್ಣಕ್ಕೆ ತಿರುಗಿದ್ರು. ಹೀಗೆ ಸುಣ್ಣದ ಹಾಗೆ ಇದ್ರೆ ನನಗೆ ಗುರುತಾದ್ರೂ ಹೇಗೆ ಸಿಗತ್ತೆ? ಸೇದಿದಷ್ಟೂ ಅಪ್ಪ ಅಪ್ಪನ ಹಾಗೆ ಆಗ್ತಾರೆ!

ತನ್ನ ಕೈಕೆಲಸ ಇನ್ನೂ ಮುಗಿದಿಲ್ಲ, ಉಳಿದದ್ದನ್ನು ಹೊಗೆಯೇ ಮುಗಿಸಬೇಕು ಎಂದು ರಿಫ್ಕಿಗೆ ಮೊದಲ ಸಲ ಹೊಳೆದಿರಬೇಕು. ಪೈಪನ್ನು ಕೈಗೆ ತೆಗೆದುಕೊಂಡು ಆ ಕೆನ್ನೆಯನ್ನೇ ಬಹಳ ಹೊತ್ತು ನೋಡಿದ.

ರಿಫ್ಕಿ: ಮೊದಲು ಕತ್ತಿನ ಹತ್ರ ಹಳದಿ ಹತ್ತತ್ತೆ. ಆಮೇಲೆ ಗಡ್ಡ. ಕೆನ್ನೆಗೆ ಬರೋದು ನಿಧಾನ.

ನಜ್ಮಿಯೆ: ಬರಲಿ. ಅಪ್ಪನಿಗೆ ಈಗ ಅವಸರ ಏನಿದೆ? ಶೆವ್ಕೆತ್ ಅಣ್ಣ, ಕೊಡ್ತೀವಿ. ಹದಿನೆಂಟೇ ಸಾಕು. ಆದ್ರೆ ಮಾತುಕತೆ ಆಗಬೇಕು.

ಶೆವ್ಕೆತ್: ಹೇಳಿ.

ನಜ್ಮಿಯೆ: ಅಗ್ಗದ ಹೊಗೆಸೊಪ್ಪು ಹಾಕಬಾರ್ದು.

ಶೆವ್ಕೆತ್: ಇಲ್ಲ.

ನಜ್ಮಿಯೆ: ಜೇಬಲ್ಲಿ ತಲೆಕೆಳಗಾಗಿ ಇಡಬಾರ್ದು. ಅವರಿಗೆ ತಲೆಸುತ್ತು.

ಶೆವ್ಕೆತ್: ನೆಟ್ಟಗೇ ಇಡ್ತೀನಿ.

ನಜ್ಮಿಯೆ: ಕಾಫಿ ಅಂಗಡೀಲಿ ಇಸ್ಪೀಟಾಡೋವಾಗ ಎದುರಿಗಿಡಬಾರ್ದು. ತಪ್ಪು ಎಲೆ ಹಾಕಿದ್ರೆ ಅವರಿಗೆ ತಡೆಯೋಕಾಗಲ್ಲ. ಪ್ರತಿ ಶುಕ್ರವಾರ ನಮಾಜು ಆದ ಮೇಲೆ ಇಲ್ಲಿಗೆ ಕರ್ಕೊಂಡು ಬರಬೇಕು. ಬರೀ ಹೊಟ್ಟೇಲಿ ಹೊಗೆ ಬೇಡ. ಮೊದಲು ನೀವು ಊಟ ಮಾಡಿ, ಆಮೇಲೆ ಅವರನ್ನ ಹೊತ್ತಿಸಿ.

ಶೆವ್ಕೆತ್: (ಹಣೆಯ ಬೆವರು ಒರೆಸಿಕೊಂಡು) ಉಸ್ತಾದ್, ಅರವತ್ತೆಂಟು ವರ್ಷ ಎಷ್ಟು ಹುಷಾರಾಗಿ ಬದುಕಿದ್ದೆ ನಾನು! ಮದುವೇನೇ ಆಗದೆ ಮಾವ ಗಂಟುಬಿದ್ರಲ್ಲ!

ರಿಫ್ಕಿ: ನಾನು ಬೇಡ ಅಂದಾಗ ಕೇಳಬೇಕಿತ್ತು. (ಖಾಲಿ ಮಖಮಲ್ಲನ್ನು ನೋಡಿ) ನನ್ನೆದುರಿಗೆ ಇನ್ಮೇಲೆ ಯಾರು ಕೂರ್ತಾರೆ?

ನಜ್ಮಿಯೆ: ನಾನಿಲ್ವಾ?

ರಿಫ್ಕಿ: ನೀನು ಮಾತಾಡ್ತೀಯಲ್ಲ.

ಅಂಗಡಿಯೊಳಗೆ ಬೆಂಕಿ ತಾಗಿಸುವಂತಿಲ್ಲವಾದ್ದರಿಂದ ಮೂವರೂ ಅಂಗಳಕ್ಕೆ ಬಂದು ಮರದ ಕೆಳಗೆ ಕೂತರು. ನಾನೂ ಒಂದು ತಟ್ಟೆ ಹಲ್ವ ಹಿಡಿದು ಹೋದೆ; ಇಂಥ ಹೊತ್ತಿನಲ್ಲಿ ಬರಿಗೈಯಲ್ಲಿ ಹೋಗಬಾರದು. ಶೆವ್ಕೆತ್ ದುಡ್ಡು ಕೊಟ್ಟು, ಹೊಗೆಸೊಪ್ಪು ತುರುಕಿ, ಪೈಪನ್ನು ಬಾಯಿಗಿಟ್ಟ. ಹೊಸ ಹಲ್ಲಿಗೆ ಹೊಸ ನಳಿಗೆ ಒಗ್ಗಲಿಲ್ಲ. ದುರ್ಮುಷ್ ಒಮ್ಮೆ ಎಡಕ್ಕೆ ವಾಲಿದ, ಒಮ್ಮೆ ಬಲಕ್ಕೆ ವಾಲಿದ. ಕೆಳಗೆ ನಮ್ಮ ಮೂವರ ಆರು ಕೈಗಳು ಬೊಗಸೆಯೊಡ್ಡಿ ಅವನ ಜೊತೆಗೇ ವಾಲಿದವು. ಒಂದು ಕಡ್ಡಿ ಗೀರಿದ, ಆರಿತು. ಎರಡನೆಯದು, ಮೂರನೆಯದು. ಐದನೆಯ ಕಡ್ಡಿಗೆ ಹೊಗೆ ಬಂತು, ಶೆವ್ಕೆತನ ಬೆರಳಿನಿಂದ.

ರಿಫ್ಕಿ: ನಾನು ಹೇಳ್ಲಿಲ್ವಾ, ಹೊಸ ಪೈಪು ದಂಡ ಅಂತ?

ಶೆವ್ಕೆತ್: ಹಾಗಾದ್ರೆ ನೀವೇ ಹೊತ್ತಿಸಿ ಕೊಡಿ.

ರಿಫ್ಕಿ: ನಾನಾ? ಹುಟ್ಟಿದಾಗಿಂದ ಸೇದಿಲ್ಲಪ್ಪ ನಾನು.

ಶೆವ್ಕೆತ್: ನಲವತ್ತು ವರ್ಷ ಪೈಪು ಮಾಡಿ?

ರಿಫ್ಕಿ: ಗೋರಿ ತೋಡೋನು ಒಳಗೆ ಮಲಗಿ ನೋಡ್ತಾನಾ?

ನಜ್ಮಿಯೆ: ಇಬ್ಬರೂ ಸುಮ್ನಿರಿ. ಕೊಡಿ ಇಲ್ಲಿ.

ಅವಳು ತುರುಕಿದ್ದನ್ನೆಲ್ಲ ತಟ್ಟಿ ಹೊರಗೆ ಚೆಲ್ಲಿದಳು. ಹೊಗೆಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಬಿಡಿಸಿ, ಕೆಳಗೆ ಸಡಿಲವಾಗಿ, ಮೇಲೆ ತುಸು ಬಿಗಿಯಾಗಿ ತುಂಬಿದಳು. ಒಂದೇ ಕಡ್ಡಿ. ಅದನ್ನು ಅಂಚಿನ ಸುತ್ತ ನಿಧಾನವಾಗಿ ಆಡಿಸುತ್ತ ಕೆನ್ನೆ ಒಳಕ್ಕೆಳೆದಳು. ದುರ್ಮುಷನ ತಲೆ ಕೆಂಪಾಗಿ ಕೆಂಡ ಹಿಡಿಯಿತು. ನಜ್ಮಿಯೆಯ ಎರಡೂ ಮೂಗಿನ ಹೊಳ್ಳೆಗಳಿಂದ ದಪ್ಪ ಹೊಗೆ ಸರಾಗವಾಗಿ ಇಳಿಯಿತು.

ರಿಫ್ಕಿ: ನಜ್ಮಿಯೆ! ನಿನಗೆ ಸೇದೋಕೆ ಬರತ್ತಾ?

ನಜ್ಮಿಯೆ: ಅಪ್ಪನ ಪೈಪು ಹೊತ್ತಿಸಿ ಕೊಡ್ತಿದ್ದದ್ದು ಯಾರು ಅಂದ್ಕೊಂಡಿದ್ರಿ? ಎಳೀದೆ ತಾನಾಗೇ ಹೊತ್ತಿಕೊಳ್ಳತ್ತಾ?

ರಿಫ್ಕಿ: ಮೂವತ್ತೈದು ವರ್ಷ ಸಂಸಾರ ಮಾಡಿದ್ದೀವಿ ಕಣೇ!

ನಜ್ಮಿಯೆ: ನೀವು ಅಪ್ಪನ್ನ ಬಚ್ಚಿಟ್ರಿ, ನಾನು ಇದನ್ನ ಬಚ್ಚಿಟ್ಟೆ. ಸಮ ಆಯ್ತು.

ಇನ್ನೊಂದು ಸಲ ಎಳೆದಳು. ಮರಕ್ಕೆ ಒರಗಿ, ಕಣ್ಣು ಅರ್ಧ ಮುಚ್ಚಿ, ಕಾಲು ಚಾಚಿಕೊಂಡಳು. ಪೈಪಿಗಾಗಿ ಚಾಚಿದ ಶೆವ್ಕೆತನ ಕೈ ಚಾಚಿದಂತೆಯೇ ಇತ್ತು. ಸ್ವಲ್ಪ ಕಾದ. ಕೆಮ್ಮಿದ. ಹಲ್ವ ತಿಂದ. ಮತ್ತೆ ಕೈ ಚಾಚಿದ.

ಶೆವ್ಕೆತ್: ಅತ್ತಿಗೆ, ನನ್ನ ಸರದಿ ಬರೋ ತನಕ ಒಂದು ಮಾತಾದ್ರೂ ಹೇಳಿ. ಇಷ್ಟು ದುಬಾರಿ ಪೈಪು ಹೊಸದಾಗಿ ಕೊಂಡದ್ದು ಸಾರ್ಥಕವೋ ಅಲ್ವೋ?

ನಜ್ಮಿಯೆ ನಿಧಾನವಾಗಿ ಹೊಗೆ ಬಿಟ್ಟಳು. ಅದು ಹಿಪ್ಪುನೇರಳೆ ಎಲೆಗಳ ನಡುವೆ ಏರಿ ಹೋಗುವುದನ್ನು ಕೊನೆತನಕ ನೋಡಿದಳು.

ನಜ್ಮಿಯೆ: ಬೇರೆಯವರ ದುಡ್ಡಾದ್ರೆ ಖಂಡಿತ ಸಾರ್ಥಕ ಅಣ್ಣ.