ದಲಾಲನ ಎದೆಗೊಂದು ಶಾಲು

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆದದ್ದರಲ್ಲಿ ಒಂದೊಂದು ಅಕ್ಷರವೂ ಖರೆ. ನಮ್ಮ ಮನೆದೇವರ ಆಣೆ, ಬೇಕಾದರೆ ನಿಮ್ಮ ಮನೆದೇವರದೂ ಇರಲಿ. ನನ್ನಂಥ ಗಟ್ಟಿ ಎದೆಯವನ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮದು ಪಾತ್ರೆ ಅಂಗಡಿ. ನಾನು ಗಲ್ಲೆಯ ಮೇಲೆ ಕೂತಿದ್ದ ಕಾಲಕ್ಕೆ ಒಂದು ಸೀನು ಸೀನಿದರೆ ಕೊಡಗಳೆಲ್ಲ ಗುಂಯ್ ಎಂದು ಉತ್ತರ ಕೊಡುತ್ತಿದ್ದವು. ಎದುರಿನ ಬಟ್ಟೆ ಅಂಗಡಿಯವನು ಅದನ್ನು ಕೇಳಿಯೇ ಊಟಕ್ಕೆ ಏಳುತ್ತಿದ್ದ. ಈಗ ಅಂಗಡಿ ಮಗನದು, ಸೀನು ಮಾತ್ರ ಇನ್ನೂ ನನ್ನದು.

ವಕೀಲರು ಗೆದ್ದ ವಾದ

ಬೆಂಗೇರಿಯ ನಮ್ಮ ಮನೆಯ ಹತ್ತಿರದ ಗಾರ್ಡನ್ನಿನಲ್ಲಿ ಮುಂಜಾನೆ ತಿರುಗಾಡುವವರು ನಾವು ಐದು ಮಂದಿ: ನಾನು, ಒಬ್ಬರು ವಕೀಲರು, ಒಬ್ಬರು ನಿವೃತ್ತ ಕನ್ನಡ ಮಾಸ್ತರರು, ಅರಳೆ ವ್ಯಾಪಾರ ಬಿಟ್ಟ ಒಬ್ಬ ದಲಾಲ, ಮತ್ತು ಪೋಸ್ಟ್‌ಮಾಸ್ತರರು. ದಲಾಲ ನನ್ನ ಸಾಲಿ ಗೆಳೆಯ, ಒಂದೇ ಬೆಂಚು.

ಒಂದು ದಿನ ಎರಡು ಸುತ್ತು ಮುಗಿಸಿ ಪೋಸ್ಟ್‌ಮಾಸ್ತರರು ಕಲ್ಲುಬೆಂಚಿನ ಮೇಲೆ ಕೂತು ಬೂಟಿನ ಲೇಸು ಕಟ್ಟಲು ಬಗ್ಗಿದರು. ವಕೀಲರು ಪಕ್ಕದಲ್ಲಿ ನಿಂತು, ಮಂಡಕ್ಕಿ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹಸಿ ಹಾಕಬೇಕೋ ಹುರಿದು ಹಾಕಬೇಕೋ ಎಂಬ ಹಳೇ ವಾದವನ್ನು ಮುಂದುವರಿಸಿದರು. ವಕೀಲರದು ಹುರಿದ ಪಕ್ಷ, ಪೋಸ್ಟ್‌ಮಾಸ್ತರರದು ಹಸಿ. ದಿನಾ ಮಾತಿಗೆ ಮಾತು ಕೊಡುತ್ತಿದ್ದ ಪೋಸ್ಟ್‌ಮಾಸ್ತರರು ಅವತ್ತು ಒಂದೂ ಮಾತಾಡಲಿಲ್ಲ. "ನೋಡ್ರಿ, ಉತ್ತರ ಇಲ್ಲ ಇವರ ಹತ್ರ," ಎಂದು ವಕೀಲರು ನಮ್ಮ ಕಡೆ ತಿರುಗಿ ನಕ್ಕರು.

ಉತ್ತರ ಇರಲಿಲ್ಲ, ಉಸಿರೂ ಇರಲಿಲ್ಲ. ವಕೀಲರು ಜನ್ಮದಲ್ಲಿ ಗೆದ್ದದ್ದು ಅದೊಂದೇ ವಾದ. ಆಮೇಲೆ ಅವರು ಗಿರಮಿಟ್ಟನ್ನೇ ಬಿಟ್ಟರು.

ಬಾಡಿಗೆ ಎದೆ

ಹದಿಮೂರನೇ ದಿನದ ಊಟ ಮುಗಿಯುವುದರೊಳಗೆ ಉಳಿದ ನಾಲ್ವರ ಮಕ್ಕಳೂ ಹೆದರಿ ನಾಲ್ಕು ಸ್ಮಾರ್ಟ್‌ವಾಚ್ ತಂದು ನಮ್ಮ ಮಣಿಕಟ್ಟಿಗೆ ಕಟ್ಟಿದರು. ಧಾರವಾಡದಲ್ಲಿರುವ ಮಗಳು ನನಗೆ ಆ್ಯಪ್ ತೋರಿಸಿ ಕಲಿಸಿದಳು.

"ಅಪ್ಪಾ, ಇದು ಎಚ್‌ಆರ್‌ವಿ. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಮ್ಮಿ ಆಗ್ತೈತಿ ಅಂತ ತೋರಸ್ತೈತಿ. ಛಲೋ ಎದಿ ಗಡಿಯಾರದಂಗ ಬಡಿಯೂದಿಲ್ಲ, ಸ್ವಲ್ಪ ಹಿಂದಮುಂದ ಆಗ್ತಿರ್ತೈತಿ. ನಂಬರ್ ಕಮ್ಮಿ ಬಂತಂದ್ರ ದಣಿವಾಗೇತಿ ಅಂತ ತಿಳೀರಿ. ಆದ್ರ ಒಬ್ಬರದು ಇನ್ನೊಬ್ಬರಿಗೆ ಹೋಲಿಸಬಾರದು."

ಕೊನೆಯ ಮಾತು ಬಿಟ್ಟು ಉಳಿದದ್ದೆಲ್ಲ ನನಗೆ ತಿಳಿಯಿತು. ಮರುದಿನ ಗಾರ್ಡನ್ನಿನಲ್ಲಿ ಹೋಲಿಸಿದೆವು. ನನ್ನದು ಹದಿನಾರು. ಮಾಸ್ತರರದು ಇಪ್ಪತ್ತೆಂಟು. ಕೊಡ ಗುಂಯ್‌ಗುಡಿಸಿದ ಎದೆಗೆ ಹದಿನಾರೇ?

ಮಿರ್ಚಿ ಭಜಿ ಬಿಟ್ಟೆ, ಮೂಗು ಹಿಡಿದು ಪ್ರಾಣಾಯಾಮ ಮಾಡಿದೆ. ಮತ್ತೆ ಹದಿನಾರು. "ನೀವು ದಣಿದಿದ್ದೀರಿ, ವಿಶ್ರಾಂತಿ ಪಡೆಯಿರಿ," ಎಂದಿತು ಆ್ಯಪ್. ಕೊನೆಗೆ, ಮಲಗುವ ಮೊದಲು ವಾಚನ್ನು ಹೆಂಡತಿಯ ಕೈಗೆ ಕಟ್ಟಿದೆ. ಬೆಳಿಗ್ಗೆ ನಲವತ್ತೊಂದು. ಗಾರ್ಡನ್ನಿನಲ್ಲಿ ಎಲ್ಲರಿಗೂ ತೋರಿಸಿ ಎದೆ ಉಬ್ಬಿಸಿಕೊಂಡು ಬಂದೆ.

ಮಾಸ್ತರರು ನನ್ನನ್ನು ಹೊಗಳಲು ಮನೆತನಕ ಬಂದಾಗ ಗುಟ್ಟು ಒಡೆಯಿತು. ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಇಷ್ಟು ವರ್ಷ ರೊಟ್ಟಿ ಬಡಿದದ್ದು ಸಾಲಲಿಲ್ಲೇನ್ರಿ? ಇನ್ನ ನಿಮ್ಮ ಎದೀನೂ ನಾನ ಬಡೀಬೇಕೇನು?"

ಸತ್ಕಾರ ಸಮಾರಂಭ

ನಾನು ಬಿದ್ದ ಮೇಲೆ ಎದ್ದವನು ದಲಾಲ. ಒಂದು ಮುಂಜಾನೆ ಅವನದು ನೂರಾ ಮೂವತ್ತು ಬಂತು. ಮರುದಿನ ಇನ್ನೂ ಹೆಚ್ಚು. ಮೂರು ಮೆಟ್ಟಿಲು ಹತ್ತಿದರೆ ನಾಲ್ಕನೆಯದರ ಮೇಲೆ ಕೂಡುವ ಮನುಷ್ಯ. ಗರಡಿಮನೆಯ ಹುಡುಗರಿಗೂ ಇಷ್ಟು ಬರುವುದಿಲ್ಲ.

ವಕೀಲರಿಗೆ ಸಂಶಯ. "ಯಾರ ಕೈಗೆ ಕಟ್ಟಿದ್ದೆಪಾ? ಇವನಂಗ ಹೆಂಡ್ತಿ ಕೈಗೋ?" ತಮ್ಮ ವಾಚನ್ನೇ ಬಿಚ್ಚಿ ಅವನ ಇನ್ನೊಂದು ಕೈಗೆ ಕಟ್ಟಿದರು. ಅದೂ ಅಷ್ಟೇ ತೋರಿಸಿತು.

ಹುಬ್ಬಳ್ಳಿ-ಧಾರವಾಡದ ವಿಚಾರ ನಿಮಗೆ ಗೊತ್ತೇ ಇದೆ. ಇಲ್ಲಿ ಒಬ್ಬ ಮನುಷ್ಯ ಏನಾದರೂ ಸಾಧಿಸಿದ, ಅಥವಾ ಏನೂ ಸಾಧಿಸದೆ ನಿವೃತ್ತನಾದ ಅಂದರೆ ಶಾಲು ತಪ್ಪಿದ್ದಲ್ಲ. ಮಾಸ್ತರರು ಸಮಾರಂಭ ಗೊತ್ತುಮಾಡಿದರು. ರಣಬಿಸಿಲಿನ ತಿಂಗಳು. ಅದೇ ಕಲ್ಲುಬೆಂಚಿನ ಮೇಲೆ ದಲಾಲನನ್ನು ಕೂಡಿಸಿ ಹಾರ ಹಾಕಿ, ಉಣ್ಣೆಯ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಕೊಟ್ಟೆವು. "ಎಪ್ಪತ್ತರ ಮೈಯಲ್ಲಿ ಇಪ್ಪತ್ತರ ಹೃದಯ," ಎಂದು ಮಾಸ್ತರರು ಭಾಷಣ ಮಾಡಿದರು. ನಾನು ಹೊಟ್ಟೆಕಿಚ್ಚಿನಿಂದಲೇ ಆದರೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ದಲಾಲ ಉತ್ತರ ಕೊಡಲು ಎದ್ದು ನಿಂತ. "ಯಾಕೋ ಎದ್ಯಾಗ ಮೀನು ಒದ್ದಾಡಿದಂಗ ಆಗಾಕತ್ತೇತಿ," ಎಂದ.

"ಅದು ಸತ್ಕಾರದ ಆನಂದರಿ, ಆಗ್ತೈತಿ," ಎಂದರು ಮಾಸ್ತರರು. ಮತ್ತೆ ಚಪ್ಪಾಳೆ ಹೊಡೆದೆವು.

ದಲಾಲ ಕೂತ. ತೆಂಗಿನಕಾಯಿ ಉರುಳಿತು. ಅವನು ಬಗ್ಗಿದ, ಕೈ ಬೂಟಿನ ಕಡೆ ಜೋತುಬಿತ್ತು.

ಚಪ್ಪಾಳೆ ನಿಂತಿತು. ಎಲ್ಲರಿಗಿಂತ ಮೊದಲು ಮೊಣಕಾಲೂರಿದವರು ವಕೀಲರು. "ಏ ದಲಾಲ, ಏನರ ಅನ್ನೋ. ಉಳ್ಳಾಗಡ್ಡಿ ಹಸೀನ ಹಾಕಬೇಕೋ ಮಾರಾಯಾ, ನಾ ಸೋತೆ. ಬೈಯ್ಯೋ, ಏನರ ಅನ್ನೋ."

ಬಹಳ ಹೊತ್ತಾದ ಮೇಲೆ ಶಾಲಿನ ಒಳಗಿಂದ ದನಿ ಬಂತು: "ಮದ್ಲ ಈ ಕಂಬಳಿ ತೆಗೀರೋ. ಸೆಕಿ."

ಉಣ್ಣೆ ಶಾಲಿನ ಕಾರಣ

ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು. ಅವಸರದಲ್ಲಿ ಹಾರವನ್ನೂ ಶಾಲನ್ನೂ ತೆಗೆಯುವುದೇ ಮರೆತಿತ್ತು. ಬಾಗಿಲಲ್ಲಿದ್ದವನು ಹಾರ ಹಾಕಿದ ದೇಹ ನೋಡಿ ಹಿಂದಿನ ಗೇಟಿನ ಕಡೆ ಕೈ ತೋರಿಸಿದ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಇಸಿಜಿ ತೆಗೆದು ನೋಡಿ ಮುಖ ಬಿಗಿದುಕೊಂಡಳು. "ಇವರ ಎದಿ ತಾಳ ತಪ್ಪೇತ್ರಿ. ಮ್ಯಾಲಿನ ಕೋಣಿ ಬಡಿಯೂದು ಬಿಟ್ಟು ಬರೇ ನಡುಗಾಕತ್ತಾವು. ಹಿಂಗ ಬಿಟ್ರ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವಾ ಹೊಡೀಬಹುದು. ಇನ್ನೂ ಕೆಟ್ಟದ್ದೂ ಆಗಬಹುದು. ಎಷ್ಟು ದಿವಸದಿಂದ ಹಿಂಗೈತಿ?"

"ಹೋದ ತಿಂಗಳಿಂದ ಇವನ ಫಸ್ಟ್ ಬರಾಕತ್ತಾನ್ರಿ," ಎಂದೆ ನಾನು. ವಾಚಿನ ನಂಬರ್ ತೋರಿಸಿದೆ.

ಅವಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. "ತಾಳ ತಪ್ಪಿದ ಎದಿ ಒಂದೊಂದು ಬಡಿತಾನೂ ಒಂದೊಂದು ನಮೂನಿ ಬಡೀತೈತ್ರಿ. ಈ ವಾಚ್ ಅದನ್ನ ಛಲೋ ಏರಿಳಿತ ಅಂತ ತಿಳಕೊಂಡು ನಂಬರ್ ಜಾಸ್ತಿ ಕೊಟ್ಟೇತಿ. ಅದು ಆರೋಗ್ಯ ಅಲ್ಲ, ರೋಗ." ಆಮೇಲೆ ಸ್ಟ್ರೆಚರಿನ ಕಡೆ ತಿರುಗಿದಳು. "ಹೊರಗ ಇಷ್ಟು ಬಿಸಲೈತಿ. ಈ ಉಣ್ಣಿ ಶಾಲು ಯಾಕ್ರಿ?"

ಮಾಸ್ತರರು ನೆಲ ನೋಡುತ್ತ ಅಂದರು: "ಅವರಿಗೆ ಥಂಡಿ ಭಾಳ್ರಿ."

ಮತ್ತೆ ಫಸ್ಟ್

ಅವನನ್ನು ಐಸಿಯುಗೆ ಒಯ್ದರು. ದಲಾಲನ ಹೆಂಡತಿ ಬಂದು ನನ್ನ ಪಕ್ಕ ಕೂತಳು. "ಅಣ್ಣಾರ, ಬೆಳಿಗ್ಗೆ ಹೊಸಾ ಅಂಗಿ ಹಾಕ್ಕೊಂಡು ಹೋದ್ರು. ಸತ್ಕಾರೈತಿ ಅಂದ್ರು. ಯಾತರ ಸತ್ಕಾರರಿ?" ಮಡಿಲಲ್ಲಿದ್ದ ಶಾಲನ್ನು ಬಿಚ್ಚುತ್ತ ಮಡಚುತ್ತ ಕೂತೆ. ಮಣಿಕಟ್ಟಿನ ವಾಚು ಗುರ್ ಎಂದು, "ದೀರ್ಘವಾಗಿ ಉಸಿರಾಡಿ," ಎಂದಿತು. ಒಳಗೆ ಇರುವವನಿಗೆ ಹೇಳಬೇಕಾದದ್ದು ಅದು.

ಎರಡು ದಿನ ಹಾಗೇ ಹೋದವು. ಮೂರನೆಯ ದಿನ ಸಂಜೆ ಡಾಕ್ಟರು ಹೊರಗೆ ಬಂದು, "ತಾಳಕ್ಕ ಬಂತ್ರಿ. ಇನ್ನ ಭಯ ಇಲ್ಲ, ಗುಳಿಗಿ ಮಾತ್ರ ತಪ್ಪಸಬಾರದು," ಎಂದಳು. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ನಿಂತರು. ವಕೀಲರು ಹೊರಗೆ ಹೋಗಿ ಹಸಿ ಉಳ್ಳಾಗಡ್ಡಿ ಹಾಕಿಸಿ ಗಿರಮಿಟ್ಟು ತಿಂದು ಬಂದರು.

ಮರುದಿನ ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟರು. ದಲಾಲ ಅರಳೆಯಂತೆ ಬಿಳಿಚಿಕೊಂಡು ಮಲಗಿದ್ದ. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಎಷ್ಟೈತಿ ಈಗ ನಂದು?"

ಅವನ ಕೈಯ ವಾಚು ನೋಡಿದೆ. "ಹದಿನೆಂಟು."

ಅವನ ಮುಖ ಇಳಿಯಿತು. ನೂರಾ ಮೂವತ್ತು ಕಂಡವನು. "ನಿಂದು?"

"ಹದಿನಾರಪಾ. ನಂದು ಯಾವಾಗಲೂ ಹದಿನಾರ."

ಲೆಕ್ಕ ಹಾಕಿದ. ತುಟಿಗೆ ಬಣ್ಣ ಬಂತು. ಸೂಜಿ ಚುಚ್ಚಿದ ಕೈಯನ್ನೇ ನನ್ನ ಮುಂದೆ ಚಾಚಿದ. "ಅಂದ್ರ ನಮ್ಮಿಬ್ಬರಾಗ ಇನ್ನೂ ನಾನ ಫಸ್ಟ್. ತಾ ಇಲ್ಲಿ ನನ್ನ ಶಾಲು."

ಹೊದಿಸಿ ಬಂದೆ.

ಇಷ್ಟೂ ಖರೆ. ಒಂದೇ ಒಂದು ಸಣ್ಣ ವಿವರ ಮಾತ್ರ ಹುಟ್ಟಿಸಿದ್ದು, ಅದನ್ನೂ ಹೇಳಿಬಿಡುತ್ತೇನೆ. ಯಾಕೆಂದರೆ ಒಳಗೆ ಇಟ್ಟುಕೊಂಡರೆ ನನ್ನ ನಂಬರ್ ಇಳಿಯುತ್ತದೆ. ಡಾಕ್ಟರು ಭಯವಿಲ್ಲ ಎಂದ ಮೇಲೆ ಮನೆಗೆ ಹೋಗಿ ಸತ್ತವನ ಹಾಗೆ ನಿದ್ದೆ ಹೊಡೆದಿದ್ದೆನಲ್ಲ, ಆ ಬೆಳಿಗ್ಗೆ ನನ್ನದು ಇಪ್ಪತ್ತೆರಡು ಬಂದಿತ್ತು. ಹೆಂಡತಿಯ ಕೈಗೆ ಕಟ್ಟದೆ, ಸ್ವಂತ ಎದೆಯದು.

ದಲಾಲನಿಗೆ ಹೇಳಬೇಡಿರಿ.