ಆಧಾರ ಗ್ರಂಥ ಆದೆಮ್ಮ

ಸಾವಿರದ ಒಂಬೈನೂರ ನಲವತ್ನಾಲ್ಕನೆಯ ಇಸವಿಯಲ್ಲಿ ರಾಯಚೂರಿನ ಕೇಶ ದಫ್ತರದಲ್ಲಿ ಕೇಶಾಲಂಕಾರದ ಇತಿಹಾಸ ಕುರಿತ ಆಧಾರ ಗ್ರಂಥಗಳ ಸಂಖ್ಯೆ ಸೊನ್ನೆಯಾಗಿತ್ತು. ಏಳನೆಯ ನಿಯಮದ ಪ್ರಕಾರ ಸೊನ್ನೆಯು ಸಂಖ್ಯೆಯಲ್ಲ. ಆದುದರಿಂದ ಒಂದು ತಿಂಗಳೊಳಗೆ ಗ್ರಂಥ ಒದಗಿಸದಿದ್ದರೆ ಗುಮಾಸ್ತ ಹಂಪಯ್ಯನನ್ನು ನೌಕರಿಯಿಂದ ತೆಗೆಯತಕ್ಕದ್ದೆಂದು ಹುಕುಂ ಬಂತು.

ಹಂಪಯ್ಯ ರಾಯಚೂರಿನ ಅಂಗಡಿಗಳಲ್ಲೆಲ್ಲ ಹುಡುಕಿದ, ಪಂಚಾಂಗ ಸಿಕ್ಕಿತು. ಮಾನ್ವಿಯ ಶಾಲಾ ಮಾಸ್ತರರು ಬೋಳುತಲೆ ಸವರಿಕೊಂಡು, ಆ ವಿಷಯದಲ್ಲಿ ತಮಗೀಗ ಆಸಕ್ತಿ ಉಳಿದಿಲ್ಲವೆಂದರು. ದೇವದುರ್ಗದಲ್ಲಿ ಮಾತ್ರ ಕೇಳಿದವರೆಲ್ಲ ಒಂದೇ ಮನೆ ತೋರಿಸಿದರು. ಅದು ಆದೆಮ್ಮನ ಮನೆ. ಐವತ್ತು ವರ್ಷ ಮದುಮಕ್ಕಳಿಗೆ ಹೆರಳು ಹಾಕಿದ ಮುದುಕಿ. ಯಾವ ತುರುಬು ಯಾವ ಊರಿನದು, ಯಾವ ಪ್ಲೇಗಿನ ವರ್ಷ ಜಡೆ ಗಿಡ್ಡವಾಯಿತು, ಬೈತಲೆ ಯಾವಾಗ ಪಕ್ಕಕ್ಕೆ ಸರಿಯಿತು, ಎಲ್ಲ ಹೇಳಿದಳು. ಬರೆದುಕೊಳ್ಳೋಣವೆಂದರೆ, ಗುಮಾಸ್ತರು ಬರೆದದ್ದು ಗ್ರಂಥವಲ್ಲವೆಂದು ಹನ್ನೊಂದನೆಯ ನಿಯಮವಿತ್ತು. ಹಂಪಯ್ಯ ಕಣ್ಣೊರೆಸಿಕೊಂಡ.

"ಎಂಟ್ ದಿನ ನಾನೇ ಬಂದಿರ್ತೀನಿ ನಡಿ ತಮ್ಮಾ," ಎಂದಳು ಆದೆಮ್ಮ.

ದಫ್ತರದ ಅಧಿಕಾರಿ ಬುರ್ಹಾನುದ್ದೀನ್ ಸಾಹೇಬರು ಆಕೆಯನ್ನು ಕೂಲಂಕಷವಾಗಿ ಪರಿಶೀಲಿಸಿದರು. ಗ್ರಂಥವೆಂದರೆ ಒಳಗೆ ವಿಷಯ, ಹೊರಗೆ ರಟ್ಟು ಇರತಕ್ಕದ್ದು. ಆದೆಮ್ಮನ ಒಳಗೆ ವಿಷಯವಿತ್ತು, ಹೊರಗೆ ಇಳಕಲ್ ಸೀರೆಯಿತ್ತು. ರಟ್ಟು ಚಲೋ ಇದೆಯೆಂದು ಸಾಹೇಬರು ರುಜು ಹಾಕಿದರು. ಸೆರಗಿಗೆ ಒಂದನೆಯ ನಂಬರಿನ ಚೀಟಿ ಅಂಟಿಸಿ, ಆಕೆಯನ್ನು ಕಪಾಟಿನ ಪಕ್ಕ ಕೂರಿಸಲಾಯಿತು. ಹಂಪಯ್ಯನ ನೌಕರಿ ಕಾಯಂ ಆಯಿತು.

ಒಂಬತ್ತನೆಯ ದಿನ ಮಗಳು ಬೂದೆಮ್ಮ ಬಂದು ಅವ್ವನನ್ನು ಕಳಿಸಿಕೊಡಬೇಕೆಂದಳು. ಆಧಾರ ಗ್ರಂಥವನ್ನು ಹೊರಗೆ ಕೊಡುವಂತಿಲ್ಲ. ಹಂಪಯ್ಯ ಆಕೆಯ ಮುಖ ನೋಡಲಾರದೆ ನಿಯಮದ ಹಾಳೆ ಮುಂದೆ ಹಿಡಿದ.

"ಆಕಿ ನಮ್ಮವ್ವ ಅದಾಳ್ರೀ," ಎಂದಳು ಬೂದೆಮ್ಮ.

"ಖರೆ ಅದ ಯವ್ವಾ. ಆದ್ರ ದಫ್ತರದಾಗ ಪುಸ್ತಕ ಅದಾಳ," ಎಂದ ಹಂಪಯ್ಯ.

ಸಾಹೇಬರು ಕಲ್ಲುಮನಸ್ಸಿನವರಲ್ಲ. ಇನ್ನೊಂದು ಪ್ರತಿ ಇದ್ದಲ್ಲಿ ಮೊದಲನೆಯದನ್ನು ಹದಿನೈದು ದಿನಕ್ಕೆ ಕೊಡಬಹುದೆಂಬ ನಿಯಮ ಹುಡುಕಿ ತೆಗೆದರು. ಅವ್ವನ ಹೆರಳುಗಳೆಲ್ಲ ನಿನಗೂ ಬರುತ್ತವೆಯೇ ಎಂದು ಕೇಳಿದರು. ಎಲ್ಲ ಬರುತ್ತವೆಯೆಂದು ಬೂದೆಮ್ಮ ಹೆಮ್ಮೆಯಿಂದ ಹೇಳಿದಳು. ಕೂಡಲೇ ಆಕೆಯ ಸೆರಗಿಗೆ ಎರಡನೆಯ ನಂಬರು ಬಿತ್ತು. ಆದೆಮ್ಮ ಊರಿಗೆ ಹೋದಳು.

ಅಂದಿನಿಂದ ದಫ್ತರದಲ್ಲಿ ಹದಿನೈದು ದಿನ ಅವ್ವ, ಹದಿನೈದು ದಿನ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದುದು ಹಂಪಯ್ಯನ ಮೇಜಿನ ಮುಂದೆ, ರುಜು ಹಾಕುವಷ್ಟು ಹೊತ್ತು. ದೇವದುರ್ಗದವರು ಪುಸ್ತಕ ಮರಳಿಸುವ ತಾರೀಖು ನೋಡಿ, ಆ ದಿನ ತಪ್ಪಿಸಿಯೇ ಮದುವೆ ಗೊತ್ತುಮಾಡತೊಡಗಿದರು.

ಎರಡು ವರ್ಷದ ಮೇಲೆ ಬೂದೆಮ್ಮನಿಗೆ ಹೆಣ್ಣುಮಗು ಹುಟ್ಟಿತು. ಆಕೆಯ ಗಂಡ ಮೌನಪ್ಪ, ಯಾರೂ ಹೇಳಿಕಳಿಸದಿದ್ದರೂ ರಾಯಚೂರಿಗೆ ಹೋಗಿ, ಮೂರನೆಯ ಪ್ರತಿ ಅಚ್ಚಾಗಿದೆಯೆಂದು ಬರೆಸಿ ಬಂದ.