ಲಾರಿ ಹತ್ತದ ಕೆಂಪು ಕಾರು

ರಸ್ತೆಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಲಾರಿಯ ಮೇಲೆ ಹೊತ್ತು ತರುವುದು ನನ್ನ ಕಸುಬು. ಹುಣಸೂರು ನನ್ನ ಠಿಕಾಣಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಕಡೆಯಿಂದ ಫೋನ್ ಬಂದರೂ ಹೊರಡುತ್ತೇನೆ. ಈ ಕಸುಬಿನಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಫೋನ್ ಮಾಡಿ ಕರೆಯುತ್ತದೆ. ಶನಿವಾರ, ಭಾನುವಾರ ಕೊಡಗಿನ ಕಡೆ ಹಾರುವ ಸೂಪರ್‌ಕಾರುಗಳು ನಮ್ಮ ರಸ್ತೆಗೆ ಬರತೊಡಗಿದ ಮೇಲಂತೂ ನಕ್ಕು ನಕ್ಕು ನನ್ನ ಹೊಟ್ಟೆ ಕರಗಬೇಕಿತ್ತು. ಯಾಕೋ ಕರಗಿಲ್ಲ.

ಲಾರಿಯಲ್ಲಿ ನನ್ನ ಜೊತೆಗಾರ ನನ್ನ ಬಾಮೈದ. ಅವನಿಗೆ ಹೊಸ ಸೂಪರ್‌ಕಾರು ಅಂದರೆ ಪ್ರಾಣ, ನನಗೆ ಹಳೆಯದು. ಹೊಸದಕ್ಕೆ ವೇಗ ಇದೆ, ಗುಣ ಇಲ್ಲ ಅನ್ನುವುದು ನನ್ನ ವಾದ.

"ಗುಣ ಇಟ್ಕೊಂಡು ಏನ್ ಉಪ್ಪಿನಕಾಯಿ ಆಕ್ತೀಯಾ ಭಾವ?" ಅನ್ನುತ್ತಾನೆ ಅವನು.

ಈ ಜಗಳಕ್ಕೆ ತೀರ್ಪು ಸಿಕ್ಕಿದ್ದು ಮೈಸೂರಿನ ಒಬ್ಬ ಡಾಕ್ಟರಮ್ಮನ ಕಾರಿನಿಂದ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಅವರ ಪರಿಚಯ ಆಗಲಿ.

ಕೋಪ ಇಳಿಯುವ ಹೊತ್ತು

ಒಂದು ದಿನ ಮೈಸೂರಿನಿಂದ ಯಾರೋ ಫೋನ್ ಮಾಡಿದರು. "ಪಿರಿಯಾಪಟ್ಟಣಕ್ಕೆ ಮುಂಚೆ ನಮ್ಮ ತಾಯಿಯ ಕಾರು ನಿಂತಿದೆ. ಬೇಗ ಹೋಗಿ ಎತ್ತಿಕೊಂಡು ಬನ್ನಿ." ತಾಯಿಯ ಕಾರು ಕೆಟ್ಟಿದ್ದಕ್ಕೆ ಮಗನ ದನಿಯಲ್ಲಿ ಅಷ್ಟು ಖುಷಿ ಯಾಕೆ ಅಂತ ನನಗೆ ಆಗ ಅರ್ಥವಾಗಲಿಲ್ಲ.

ಹೋಗಿ ನೋಡಿದರೆ, ನನ್ನ ಎದೆ ನಿಂತೇ ಹೋಯಿತು. ನಾನು ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಕಾರು ಅದು. ಇಟಲಿಯದು, ಕೆಂಪಗೆ, ನೆಲಕ್ಕೆ ಅಂಟಿಕೊಂಡ ಹಾಗೆ. ಪಕ್ಕದಲ್ಲಿ ತಲೆ ನೆರೆತ ಅಮ್ಮ ಒಬ್ಬರು ಮರದ ನೆರಳಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಅವರೇ ಆ ಡಾಕ್ಟರಮ್ಮ. ನಾನು ಲಾರಿ ಹಿಂದಕ್ಕೆ ತೆಗೆಯುತ್ತಿದ್ದಂತೆ ಕೈ ಅಡ್ಡ ಮಾಡಿದರು.

"ನಿಲ್ಲಿಸಪ್ಪ. ಇದು ಲಾರಿ ಹತ್ತೋ ಕಾರಲ್ಲ."

ಆಮೇಲೆ ವಿಷಯ ಹೇಳಿದರು. ಕಾರು ಅವರ ಯಜಮಾನರು ತಂದದ್ದು. ಅವರು ಈಗ ಇಲ್ಲ. ಮಗನ ಹತ್ತಿರ ಹೊಸ ಸೂಪರ್‌ಕಾರಿದೆ. ಹಳೆಯದನ್ನು ಮಾರೋಣ ಅಂತ ಅವನು ದಿನಾ ಹಟ ಹಿಡಿಯುತ್ತಾನೆ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದಾರೆ: ಯಾವತ್ತು ಕಾರು ಲಾರಿ ಹತ್ತುತ್ತದೋ ಅವತ್ತೇ ಮಾರಾಟ.

"ಮತ್ತೆ ಈಗ ನಿಂತೋಗದಲ್ಲಮ್ಮ?" ಅಂದ ಬಾಮೈದ.

"ನಿಂತಿಲ್ಲ, ಕೋಪ ಮಾಡ್ಕೊಂಡಿದೆ. ಬಿಸಿ ಆದರೆ ಹೀಗೇ. ಯಾರೂ ಮಾತಾಡಿಸಬಾರದು. ನಾನು ಒಂದು ಲೋಟ ಕಾಫಿ ಕುಡಿಯೋ ಹೊತ್ತಿಗೆ ಸರಿಹೋಗುತ್ತೆ."

ಕಾಫಿ ಮುಗಿಯಿತು. ಡಾಕ್ಟರಮ್ಮ ಒಳಗೆ ಕೂತು ಕೀಲಿ ತಿರುಗಿಸಿದರು. ಅದು ಒಮ್ಮೆ ಕೆಮ್ಮಿತು, ಆಮೇಲೆ ಗುಡುಗಿತು. ಆ ಸದ್ದಿಗೆ ನನ್ನ ಮೈಯೆಲ್ಲ ಜುಮ್ ಅಂದಿತು. ನನ್ನ ಬಾಡಿಗೆ ಹೋಯಿತು, ಹೋಗಲಿ ಬಿಡಿ, ಅಂಥ ಸದ್ದು ಕಿವಿಗೆ ಬಿದ್ದ ದಿನ ಊಟ ಬೇಕೆನಿಸುವುದಿಲ್ಲ.

ರಸ್ತೆಬದಿಯಲ್ಲಿ ಸೀಬೆಹಣ್ಣು ಮಾರುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡುತ್ತಾ ಕೂತಿತ್ತು. "ವಾಸಿ ಕಣವ್ವ ನಿನ್ ಗಾಡಿ, ಕಾಪಿ ಕುಡಿಯೋದ್ರೊಳಗೆ ಕ್ವಾಪ ಇಳೀತು," ಅಂದಿತು. "ನಮ್ಮನೇವ್ರು ಮದ್ವೆ ಚಪ್ರದಲ್ಲಿ ಮುನಿಸ್ಕೊಂಡವ್ರು, ಇನ್ನೂವೆ ತಣ್ಣಗಾಗಿಲ್ಲ."

ಎಮ್ಮೆಗಳ ಅನುಮಾನ

ಸರಗೂರು ರಸ್ತೆಯಲ್ಲಿ ಖಾಲಿ ಲಾರಿಯಲ್ಲಿ ಬರುತ್ತಿದ್ದೆವು. ಮುಂದೆ ಒಂದು ಹೊಚ್ಚಹೊಸ ಕರೆಂಟಿನ ಸೂಪರ್‌ಕಾರು, ಅದರ ಮುಂದೆ ಎಮ್ಮೆಗಳ ಹಿಂಡು. ಕಾರಿಗೆ ಸದ್ದೇ ಇಲ್ಲ. ಹಿಂದೆ ಏನೋ ಬಂದಿದೆ ಅಂತ ಎಮ್ಮೆಗಳಿಗೆ ತಿಳಿಯುವುದಾದರೂ ಹೇಗೆ? ಅವು ತಮ್ಮ ಪಾಡಿಗೆ ನಡೆದವು, ಕಾರು ಅವುಗಳ ಹಿಂದೆ ನಡೆಯಿತು. ನಿಂತ ಜಾಗದಿಂದ ಕಣ್ಣು ಮುಚ್ಚಿ ತೆರೆಯುವುದರೊಳಗೆ ನೂರರ ವೇಗ ಮುಟ್ಟುತ್ತದೆ ಅಂತ ಬಾಮೈದ ಹೊಗಳುತ್ತಿದ್ದ ಕಾರು, ಎಮ್ಮೆಯ ಬಾಲ ನೋಡಿಕೊಂಡು ತೆವಳುತ್ತಿತ್ತು.

ಕಾರಿನ ಯುವಕ ಹಾರನ್ ಒತ್ತಿದ. ಅದು ತುಂಬಾ ನಾಜೂಕು. ಒಂದು ಎಮ್ಮೆ ಕಿವಿ ಆಡಿಸಿತು, ಅಷ್ಟೆ.

"ಇರು ಭಾವ, ಅದ್ರಲ್ಲಿ ಒಂದು ಬಟನ್ ಅದೆ," ಅಂದ ಬಾಮೈದ. "ಒತ್ತುದ್ರೆ ಹಳೇ ಇಂಜಿನ್ ಸದ್ದು ಬತ್ತದೆ, ಸ್ಪೀಕರ್‌ನಾಗೆ."

ಯುವಕ ಒತ್ತಿದ. ಬಂತು ನೋಡಿ ಸದ್ದು, ನಾನೇ ಬೆಚ್ಚಿಬಿದ್ದೆ. ಎಮ್ಮೆಗಳು ಗಕ್ಕನೆ ನಿಂತವು. ತಿರುಗಿದವು. ಓಡಿಹೋಗುವುದು ಬಿಟ್ಟು ಹತ್ತಿರ ಬಂದು ಕಾರನ್ನು ಸುತ್ತುಗಟ್ಟಿ, ಮೂಸಿ ಮೂಸಿ ನೋಡಿದವು. ಒಂದಂತೂ ಬಾನೆಟ್ಟು ನೆಕ್ಕಿತು. ಯುವಕ ಗಾಜು ಏರಿಸಿಕೊಂಡು ಕೂತುಬಿಟ್ಟ.

ಎಮ್ಮೆ ಕಾಯುವ ಯಜಮಾನ ಅವಸರವಿಲ್ಲದೆ ಬಂದು ಒಂದೊಂದನ್ನೇ ಅಟ್ಟಿದ. ನಾನು ಕೇಳಿದೆ, "ಅಷ್ಟು ಜೋರಾಗಿ ಸದ್ದಾದರೂ ಯಾಕೆ ಹೆದರಲಿಲ್ಲ ಅವು?"

"ಸದ್ದೇನೋ ಬಂತು ಸ್ವಾಮಿ, ಹೊಗೆ ವಾಸ್ನೆ ಬರ್ಲಿಲ್ಲ. ಅದ್ಕೇ ನಂಬ್ನಿಲ್ಲ."

ನಿಂಬೆಹಣ್ಣಿನ ಮುಂದೆ

ಹುಣಸೂರಿನ ಒಬ್ಬ ಕಂಟ್ರಾಕ್ಟರು ಸೂಪರ್‌ಕಾರು ಕೊಂಡರು. ಊರೇ ದೇವಸ್ಥಾನದ ಮುಂದೆ ನೆರೆದಿತ್ತು. ಕಾರಿನ ಎರಡೂ ಬದಿಗೆ ಬಾಳೆಕಂದು, ಮೂತಿಯ ತುಂಬ ಸೇವಂತಿಗೆ ಹಾರ, ಮೇಲೆ ಅರಿಸಿನ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜಾರಪ್ಪ, "ಹೊರಡಿಸಿ," ಅಂದರು.

ಕಾರು ಹೊರಡಲಿಲ್ಲ. ಒಂದಿಷ್ಟು ಜರುಗಿದ ಹಾಗೆ ಮಾಡಿ ಕುಯ್ ಕುಯ್ ಅಂತ ನಿಂತುಬಿಟ್ಟಿತು. ಎಷ್ಟು ಸಲ ಹೊರಡಿಸಿದರೂ ಅಷ್ಟೆ. ಮುಂದೆ ಏನಾದರೂ ಅಡ್ಡ ಬಂದರೆ ತಾನಾಗಿಯೇ ಬ್ರೇಕು ಹಾಕಿಕೊಳ್ಳುವ ಕಾರು ಅದು. ಮೂತಿಯಲ್ಲಿರುವ ಅದರ ಕಣ್ಣಿಗೆ ಅಡ್ಡವಾಗಿ ಹಾರ ಇಳಿಬಿದ್ದಿತ್ತು. ಎದುರಿಗೆ ಯಾರೋ ನಿಂತೇ ಇದ್ದಾರೆ ಅಂತ ಕಾರಿನ ನಂಬಿಕೆ.

"ಹಾರ ತೆಗೀರಿ," ಅಂದ ಬಾಮೈದ.

"ಉಂಟೇ? ನಿಂಬೆಹಣ್ಣು ದಾಟೋ ಮುಂಚೆ ಹಾರ ತೆಗೆದರೆ ಅಪಶಕುನ," ಅಂದರು ಪೂಜಾರಪ್ಪ.

ಕಂಟ್ರಾಕ್ಟರ ತಾಯಿ ಆಗಲೇ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. "ದ್ಯಾವ್ರು ಒಪ್ತಿಲ್ಲ ಕಣಪ್ಪ, ವಾಪಸ್ ಕೊಟ್ಬುಡು." ಕಂಟ್ರಾಕ್ಟರು ಪರದೆಯ ಮೇಲೆ ಬೆರಳಾಡಿಸಿ ಬ್ರೇಕನ್ನು ಆರಿಸಲು ಹೋದರು. ಒಳಗೆ ಸೀಟು ಬೆನ್ನಿಗೆ ಮಸಾಜು ಶುರುಮಾಡಿತು, ಬ್ರೇಕು ಬಿಡಲಿಲ್ಲ.

ಕೊನೆಗೆ ನಮ್ಮ ಲಾರಿಯೇ ಗತಿಯಾಯಿತು. ಹಾರದ ಸಮೇತ ಕಾರನ್ನು ಮೇಲೆ ಎಳೆದುಕೊಂಡು, ಅದೇ ನಿಂಬೆಹಣ್ಣುಗಳನ್ನು ಲಾರಿಯ ಚಕ್ರದ ಕೆಳಗೆ ಇಟ್ಟು ದಾಟಿಸಿದೆವು. ಜನ ಚಪ್ಪಾಳೆ ತಟ್ಟಿದರು. ಪೂಜೆಯ ಫಲ ಯಾರಿಗೆ ಸೇರಿತು ಅಂತ ನನಗೆ ಸಂಶಯವೇ ಇಲ್ಲ. ಅವತ್ತಿನಿಂದ ನಮ್ಮ ಲಾರಿ ಕೆಟ್ಟಿಲ್ಲ, ಆ ಕಾರು ಮಾತ್ರ ಆಗಾಗ ಅದರ ಮೇಲೆ ಬಂದು ಕೂರುತ್ತದೆ.

ಎಲ್ಲಿ ಬಗ್ಗಬೇಕು

ವೀರನಹೊಸಹಳ್ಳಿ ರಸ್ತೆಯ ಒಂದು ಹಳ್ಳಿಯ ಟೀ ಅಂಗಡಿಯಲ್ಲಿ ಡಾಕ್ಟರಮ್ಮ ಮತ್ತೆ ಸಿಕ್ಕಿದರು. ಈ ಸಲ ಮಗನೂ ಬಂದಿದ್ದ, ತನ್ನ ಹೊಸ ಕಾರಿನಲ್ಲಿ. ಕಾಡಿನ ಕಡೆ ಹೊರಟಿದ್ದರು.

ಮಗ ಬಾಮೈದನಿಗೆ ತನ್ನ ಕಾರಿನ ಜಾಣತನ ವಿವರಿಸುತ್ತಿದ್ದ. ರಸ್ತೆಯ ಹಂಪ್ ಎಲ್ಲಿದೆ ಅಂತ ಒಂದು ಸಲ ಹೇಳಿಕೊಟ್ಟರೆ ಸಾಕು, ಮುಂದಿನ ಸಲ ಆ ಜಾಗ ಬಂದಾಗ ಕಾರು ತಾನೇ ಮೂತಿ ಎತ್ತಿಕೊಂಡು ದಾಟುತ್ತದಂತೆ. ಈ ಊರಿನ ಹಂಪನ್ನೂ ಹಿಂದಿನ ಸಲ ಹೇಳಿಕೊಟ್ಟಿದ್ದನಂತೆ.

ಅವನಿಗೆ ಒಂದು ವಿಷಯ ತಿಳಿದಿರಲಿಲ್ಲ. ನಮ್ಮ ಕಡೆ ಹಂಪು ಒಂದೇ ಕಡೆ ಇರುವ ವಸ್ತುವಲ್ಲ. ಯಾರಾದರೂ ಬಿದ್ದರೆ, ಎರಡು ಬೀದಿಯವರಿಗೆ ಜಗಳವಾದರೆ, ಹಂಪು ರಸ್ತೆಯಲ್ಲಿ ನಡೆದುಕೊಂಡು ಹೋಗುತ್ತದೆ. ಈ ಊರಿನವರು ಹಳೆಯದನ್ನು ಅಗೆದುಹಾಕಿ, ಸ್ಕೂಲಿನ ಮುಂದೆ ಹೊಸದು ಕಟ್ಟಿದ್ದರು.

ಡಾಕ್ಟರಮ್ಮ ಮೊದಲು ಹೊರಟರು. ಹೊಸ ಹಂಪು ಕಂಡೊಡನೆ ಕಾರನ್ನು ಓರೆ ಮಾಡಿಕೊಂಡು, ಬಸುರಿ ಹೆಂಗಸು ಮೆಟ್ಟಿಲು ಇಳಿಯುವ ಹಾಗೆ ಒಂದೊಂದೇ ಚಕ್ರ ಇಳಿಸಿ ದಾಟಿದರು. ಹಿಂದೆ ಮಗ ಬಂದ. ಹಳೆಯ ಹಂಪಿದ್ದ ಜಾಗದಲ್ಲಿ, ಮಾರಮ್ಮನ ಗುಡಿಯ ಎದುರಿಗೆ, ಕಾರು ಗತ್ತಿನಿಂದ ಮೂತಿ ಎತ್ತಿತು. ಅಲ್ಲಿ ಏನೂ ಇರಲಿಲ್ಲ. ಮೂತಿ ಇಳಿಸಿಕೊಂಡು ಮುಂದೆ ಹೋಗಿ ಹೊಸ ಹಂಪಿಗೆ ಹೊಟ್ಟೆ ಕೊಟ್ಟಿತು. ಆ ಕರಕರ ಸದ್ದು ಟೀ ಅಂಗಡಿಯ ತನಕ ಕೇಳಿಸಿತು. ನಾವು ಓಡಿ ಹೋದೆವು, ಮುಂದೆ ಹೋಗಿದ್ದ ಡಾಕ್ಟರಮ್ಮನೂ ಕಾರು ನಿಲ್ಲಿಸಿದರು.

ಗುಡಿಯ ಜಗುಲಿಯ ಮೇಲಿದ್ದ ಹಿರಿಯರೊಬ್ಬರು ಬೀಡಿ ಕೆಳಗಿಟ್ಟರು. "ಅಮ್ಮನ್ ಮುಂದೆ ತಲೆ ಎತ್ತಿ, ಹಂಪ್ ಮುಂದೆ ತಗ್ಗುಸ್ತು. ಎಲ್ಲಿ ಬಗ್ಬೇಕು ಅಂತ ಗೊತ್ತಿಲ್ದಿದ್ರೆ ಇಂಗೇಯ."

ಎಲ್ಲರೂ ನಕ್ಕರು. ಮಗನಿಗೆ ಮಾತ್ರ ಉರಿಯಿತು. "ಅಮ್ಮ, ಲಾರಿಯವರು ಇಲ್ಲೇ ಇದ್ದಾರೆ. ನಿನ್ನ ಕಾರು ಇವತ್ತಲ್ಲ ನಾಳೆ ಹತ್ತುತ್ತೆ. ತಗೊಳ್ಳೋರನ್ನೂ ನೋಡಿಟ್ಟಿದ್ದೀನಿ," ಅಂದ.

ಡಾಕ್ಟರಮ್ಮ ತಮ್ಮ ಕಾರಿನ ಸ್ಟೇರಿಂಗಿನ ಮೇಲೆ ಕೈ ಸವರಿದರು. ನಾನು ದುಡಿದು ತಿನ್ನುವುದೇ ಕಾರು ಎತ್ತಿ, ಆದರೂ ಈ ಒಂದು ಕಾರು ನನ್ನ ಲಾರಿ ಹತ್ತದಿರಲಪ್ಪ ಅಂತ ಆ ಮಾರಮ್ಮನಿಗೇ ಕೈ ಮುಗಿದೆ.

ಹುರುಳಿ ಒಕ್ಕಣೆ

ಕೈ ಮುಗಿದು ಬಹಳ ದಿನ ಆಗಿರಲಿಲ್ಲ, ಮಗನ ಫೋನು ಬಂತು. ದನಿಯಲ್ಲಿ ಮದುವೆಗೆ ಕರೆಯುವ ಸಡಗರ. "ಭೇರ್ಯದ ಹತ್ತಿರ ಇದ್ದೀವಿ. ಅಮ್ಮನ ಕಾರು ನಿಂತಿದೆ. ಫ್ಲಾಸ್ಕು ಖಾಲಿ ಆದರೂ ಸ್ಟಾರ್ಟ್ ಆಗಿಲ್ಲ. ಲಾರಿ ತನ್ನಿ."

ಹೊರಟೆವು. ಎತ್ತಿನ ಗಾಡಿಯೂ ನಾಚುವಷ್ಟು ನಿಧಾನಕ್ಕೆ ಓಡಿಸಿದೆ. ಬಾಮೈದ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಬೆಳಿಗ್ಗೆ ತಾನೇ ಗಾಳಿ ಹಾಕಿಸಿದ್ದ ಟೈರುಗಳಿಗೆ ದಾರಿಯಲ್ಲಿ ಇಳಿದು ಮತ್ತೆ ಗಾಳಿ ನೋಡಿಸಿದ. ಆಮೇಲೆ ಟೀ ಕುಡಿಯೋಣ ಅಂದ. ಕುಡಿದಾದ ಮೇಲೆ ಇನ್ನೊಂದು ಕುಡಿಯೋಣ ಅಂದ.

ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ರಸ್ತೆಗೆ ಹರಡಿಬಿಟ್ಟರೆ, ಬಸ್ಸು, ಲಾರಿ, ಕಾರು ಅದರ ಮೇಲೆ ಹರಿದು ಕಾಳು ಬಿಡಿಸಿಕೊಡುತ್ತವೆ. ನಾವು ಹೋದಾಗ ಅಲ್ಲಿ ಅಂಥದ್ದೇ ಹುರುಳಿಯ ಹಾಸು. ಅದರ ಈ ತುದಿಯಲ್ಲಿ ಕೆಂಪು ಕಾರು, ನಡುವೆ ಮಗನ ಕಾರು. ಒಬ್ಬ ರೈತ, ಅವನ ಹೆಂಡತಿ, ಕೂಲಿಗೆ ಬಂದ ಹೆಂಗಸರು ಸುತ್ತ ನಿಂತಿದ್ದರು. ಡಾಕ್ಟರಮ್ಮ ಕಾರಿನೊಳಗೇ ಕೂತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಬಂದ್ರಾ? ಎತ್ತಿ," ಅಂದ ಮಗ.

"ಲಾರಿ ಯಾಕೆ?" ಅಂದ ರೈತ. "ನೂಕುದ್ರೆ ವೋಗಕಿಲ್ವಾ?"

"ಎಷ್ಟು ಬೆಲೆಯ ಕಾರು ಗೊತ್ತಾ? ಇದನ್ನ ನೂಕ್ತಾರಾ?"

"ಬೆಲೆ ಎಷ್ಟಾದ್ರೂ ಚಕ್ರ ಗುಂಡ್ಗೇ ಅವಲ್ಲ ಸ್ವಾಮಿ?"

ಡಾಕ್ಟರಮ್ಮ ತಲೆ ಹೊರಗೆ ಹಾಕಿದರು. ಕಣ್ಣಲ್ಲಿ ಬೆಳಕು ಬಂದಿತ್ತು. "ಲಾರಿ ಹತ್ತಬಾರದು ಅಂತ ಮಾತು ಕಣೋ. ನೂಕಬಾರದು ಅಂತ ಯಾರು ಹೇಳಿದ್ರು? ನೂಕಿ, ಸೆಕೆಂಡ್ ಗೇರಲ್ಲಿ ಇಡ್ತೀನಿ."

ಎಲ್ಲರೂ ಕೈ ಹಾಕಿದೆವು. ಮೊದಲು ಕೈ ಹಾಕಿದವನು ಬಾಮೈದ. ಹುರುಳಿಕಾಳಿನ ಮೇಲೆ ನಿಂತು ನೂಕುವುದು ಎಷ್ಟು ಕಷ್ಟ ಅಂತ ನೂಕಿದವರಿಗೇ ಗೊತ್ತು. ರೈತ ಜಾರಿದ, ನಾನು ಅವನ ಮೇಲೆ ಜಾರಿದೆ, ಹೆಂಗಸರು ನಮ್ಮಿಬ್ಬರನ್ನೂ ದಾಟಿಕೊಂಡು ನೂಕಿದರು. ಕಾರು ಉರುಳಿತು. ಒಂದು ಜಗ್ಗು, ಒಂದು ಕೆಮ್ಮು, ಆಮೇಲೆ ಆ ಗುಡುಗು. ಗದ್ದೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಹೊಟ್ಟಿನಲ್ಲಿ ಬಿದ್ದುಕೊಂಡೇ ನಾನು ಅತ್ತುಬಿಟ್ಟೆ. ಖುಷಿಗೆ.

"ಸರಿ, ನಡಿ ಹೋಗೋಣ," ಅಂತ ಡಾಕ್ಟರಮ್ಮ ಮಗನಿಗೆ ಹೇಳಿದರು.

ಮಗ ತನ್ನ ಕಾರಿನಲ್ಲಿ ಕೂತು ಗುಂಡಿ ಒತ್ತಿದ. ಪರದೆಯ ಮೇಲೆ ಏನೇನೋ ಅಕ್ಷರ ಬಂದವು. ಅಮ್ಮನ ಕಾರಿಗಿಂತಲೂ ತಗ್ಗಾದ ಆ ಕಾರು ಹುರುಳಿ ಗಿಡವನ್ನೆಲ್ಲ ಹೊಟ್ಟೆಯ ಕೆಳಗೆ ಗುಡ್ಡೆ ಹಾಕಿಕೊಂಡು, ಧೂಳು ಕುಡಿದು, ಚಕ್ರಗಳಿಗೆ ಬೀಗ ಹಾಕಿಕೊಂಡಿತ್ತು. ಕಂಪನಿಯವರು ಬರುವ ತನಕ ಅಲುಗಾಡುವುದಿಲ್ಲವಂತೆ.

"ಇದ್ನೂ ನೂಕ್ಬುಡವಾ," ಅಂದ ರೈತ. ನೂಕಿದರು. ಕೂದಲೆಳೆಯಷ್ಟೂ ಜರುಗಲಿಲ್ಲ. ರೈತ ಬಗ್ಗಿ ಟೈರನ್ನು ಕೈಯಿಂದ ಸವರಿ ನೋಡಿದ. "ಗುಂಡ್ಗೇ ಅವೆ ಸ್ವಾಮಿ, ಆದ್ರೆ ಅದ್ಕೇ ಗೊತ್ತಿಲ್ಲ."

ಕೊನೆಗೆ ಸರಪಳಿ ಕಟ್ಟಿ, ಹುರುಳಿಕಾಳಿನ ಮೇಲೆಯೇ ಜಾರಿಸಿಕೊಂಡು ಹೊಸ ಕಾರನ್ನು ಲಾರಿಗೆ ಎಳೆದೆವು. ಆ ಹೊತ್ತೆಲ್ಲ ಡಾಕ್ಟರಮ್ಮ ಇಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಕೋಪ ಬರುತ್ತದೆ ಅಂತ ಹುರುಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿಸುತ್ತಿದ್ದರು. ಲಾರಿಯ ಮೇಲೆ ಕಾರು ಭದ್ರವಾದ ಮೇಲೆ ಮಗನ ಪಕ್ಕಕ್ಕೆ ತಂದು ನಿಲ್ಲಿಸಿದರು.

"ಲಾರಿ ಹತ್ತಿದ ಕಾರು ಮಾರಬೇಕು ಅಂತ ತಾನೆ ಮಾತು? ತಗೊಳ್ಳೋರನ್ನ ನೋಡಿಟ್ಟಿದ್ದೀನಿ ಅಂದಿದ್ದೆ, ಅವರಿಗೆ ಫೋನ್ ಮಾಡು."

ಮಗನಿಗೂ ನಗು ತಡೆಯಲಾಗಲಿಲ್ಲ. ಅಮ್ಮನ ಕಾರಿನ ಇನ್ನೊಂದು ಬಾಗಿಲು ತೆರೆದು ಕೂತ.

ಅಷ್ಟರಲ್ಲಿ ರೈತ ಓಡಿಬಂದ. ಮಾರಾಟದ ಮಾತು ಅವನ ಕಿವಿಗೂ ಬಿದ್ದಿತ್ತು. ಬೊಗಸೆಯ ತುಂಬ ಹುರುಳಿಕಾಳು, ಒಂದೂ ಒಡೆದಿಲ್ಲ, ಒಂದರಲ್ಲೂ ಸಿಪ್ಪೆ ಉಳಿದಿಲ್ಲ.

"ಅವ್ವ, ಮಾರೋದಾದ್ರೆ ಲಾರಿ ಮ್ಯಾಲಿರೋದ್ನೇ ಮಾರ್ಬುಡಿ," ಅಂದ. "ಈ ಕೆಂಪುದ್ನ ಮಾತ್ರ ಮಡಿಕೊಳಿ. ಮುಂದಿನ್ ವಾರ ಅವರೆ ಒಕ್ಕಣೆ ಅದೆ."